‘ಗಾಡಿ ಎಳಿವಲ್ದು’ ಅನ್ನುವ ಗಬ್ಬೂರಿನವರಿಗೆ



‘ಯಾಕೋ ಗಾಡಿ ಎಳಿವಲ್ದು, ಪಿಕಪ್ಪೇ ಇಲ್ಲ’ ಎಂದು ಒಬ್ಬರು ಬಾಯಿ ಬಿಟ್ಟರೆ ಸಾಕು, ಪಕ್ಕದವರು ಇಂಜೆಕ್ಟರ್ ಹೋಗ್ಯಾದ ಅನ್ನುತ್ತಾರೆ, ಇನ್ನೊಬ್ಬರು ಟರ್ಬೊ ಅನ್ನುತ್ತಾರೆ. ಎರಡೂ ಸಾವಿರಾರು ರೂಪಾಯಿಯ ಮಾತು. ಆ ದುಡ್ಡು ಎಣಿಸುವ ಮೊದಲು ಬಾನೆಟ್ ಎತ್ತಿ ಏರ್ ಫಿಲ್ಟರ್ ಹೊರಗೆ ತೆಗೆದು ನೋಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ನಮ್ಮ ಗಾಳಿಯಲ್ಲಿ ಎರೆಹೊಲದ ಧೂಳಿದೆ, ಹತ್ತಿ ಬಿಡಿಸುವಾಗ ಹಾರುವ ಎಳೆಯಿದೆ, ಭತ್ತದ ರಾಶಿಯ ಹೊಟ್ಟಿದೆ. ಇವೆಲ್ಲ ಫಿಲ್ಟರಿನ ಕಾಗದದ ಮಡಿಕೆಗಳಲ್ಲಿ ಕೂತರೆ ಎಂಜಿನ್ನಿಗೆ ಉಸಿರೇ ಸಾಲದು. ಧೂಳಿನ ಸೀಮೆಯಲ್ಲಿ ಫಿಲ್ಟರನ್ನು ಬೇಗ ಬದಲಿಸಬೇಕೆಂದು ಕಾರಿನ ಜತೆ ಬಂದ ಪುಸ್ತಕಗಳೇ ಸಾಮಾನ್ಯವಾಗಿ ಹೇಳುತ್ತವೆ. ಕಂಪ್ರೆಸರ್ ಗಾಳಿಯನ್ನು ಜೋರಾಗಿ ಹೊಡೆಸಿ ಹಳೆಯದನ್ನೇ ಮತ್ತೆ ಮತ್ತೆ ಕೂಡಿಸಿದರೆ ಕಾಗದ ಹರಿಯುತ್ತದೆ. ಫಿಲ್ಟರೇ ಇಲ್ಲದೆ ಓಡಿಸುವುದಂತೂ ಬೇಡವೇ ಬೇಡ. ಧೂಳು ಒಳಹೊಕ್ಕು ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ ಸವೆಸಿ ಕಂಪ್ರೆಶನ್ ಬಿದ್ದುಹೋದ ಮೇಲೆ, ಎಂಜಿನ್ ಬಿಚ್ಚದೆ ಆ ಪಿಕಪ್ ವಾಪಸ್ ಬರುವುದಿಲ್ಲ.

ಬ್ಯಾಸಗಿಯ ಲೆಕ್ಕವೇ ಬೇರೆ. 15 ಡಿಗ್ರಿಯ ಗಾಳಿಗಿಂತ 43 ಡಿಗ್ರಿಯ ಗಾಳಿ ಸುಮಾರು ಶೇ. 9ರಷ್ಟು ತೆಳು, ಅದಕ್ಕೇ ಪಿಕಪ್ ತಗ್ಗುತ್ತದೆ. ಮೇಲೆ ಏಸಿಯ ಭಾರ. ಜಾತ್ರೆಗೆ ಹೊರಟಿದ್ದರೆ ಐದು ಜನರ ಗಾಡಿಯಲ್ಲಿ ಒಂಬತ್ತು ಜನ. ಇದು ರಿಪೇರಿಯಿಂದ ಹೋಗುವ ದೋಷವಲ್ಲ, ಇದಕ್ಕಾಗಿ ಯಾರಿಗೂ ದುಡ್ಡು ಕೊಡಬೇಡಿ.

ಡೀಸೆಲ್ ಗಾಡಿಯವರಿಗೆ ಎರಡು ಮಾತು ಹೆಚ್ಚು. ಟ್ರ್ಯಾಕ್ಟರಿಗೆಂದು ಕ್ಯಾನಿನಲ್ಲಿ ತಂದಿಟ್ಟದ್ದನ್ನು ಕಾರಿಗೆ ಸುರಿದರೆ ಅದರ ತಳದ ಕಸ, ನೀರು ಡೀಸೆಲ್ ಫಿಲ್ಟರಿಗೆ ಹೋಗಿ ಕೂಡುತ್ತವೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಇನ್ನೊಂದು ಫಿಲ್ಟರ್ ಇದೆ, ಡಿಪಿಎಫ್. ಅದು ಚೆನ್ನಾಗಿ ಕಾದಾಗ ಮಾತ್ರ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಅಷ್ಟೇ ಓಡಿಸಿದರೆ ಅದು ಕಟ್ಟಿಕೊಂಡು, ಗಾಡಿಯ ಕಂಪ್ಯೂಟರು ಎಂಜಿನ್ನಿನ ಬಲವನ್ನೇ ತಗ್ಗಿಸಿಬಿಡುತ್ತದೆ. ಅದರ ದೀಪ ಹತ್ತಿದ ದಿನವೇ ಊರು ಬಿಟ್ಟು ರಾಯಚೂರು ಕಡೆಗೆ ಒಂದೇ ಸಮ ಓಡಿಸಿ, ನಡುವೆ ಬಂದ್ ಮಾಡಬೇಡಿ. ಆ ಫಿಲ್ಟರನ್ನೇ ಕಿತ್ತು ಹಾಕಿಸುವ ಸಲಹೆ ಕೊಡುವವರೂ ಸಿಗುತ್ತಾರೆ. ಹಾಗೆ ಮಾಡಿದರೆ ಆ ಮಸಿ ಹಿಂದಿನಿಂದ ಬೈಕಿನಲ್ಲಿ ಬರುವ ನಮ್ಮ ಮಕ್ಕಳ ಎದೆಗೇ ಹೋಗುತ್ತದೆ.

ಕ್ಲಚ್ ಪ್ಲೇಟ್ ಸವೆದರೂ ಗಾಡಿ ಎಳೆಯುವುದಿಲ್ಲ, ಅದನ್ನು ನೀವೇ ತಿಳಿಯಬಹುದು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗು ಏರಿ, ವೇಗ ಏರದಿದ್ದರೆ ದೋಷ ಅಲ್ಲೇ ಇದೆ. ಪೆಟ್ರೋಲ್ ಗಾಡಿ ಜರ್ಕ್ ಹೊಡೆದರೆ ಪ್ಲಗ್ಗು, ಕಾಯಿಲು ನೋಡಿಸಿ. ಓಡಿಸಿ ನಿಲ್ಲಿಸಿದಾಗ ಒಂದೇ ಗಾಲಿ ಹೆಚ್ಚು ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಟೈರಿಗೆ ಗಾಳಿ ಕಡಿಮೆಯಿದ್ದರೂ ಗಾಡಿ ಭಾರವಾಗುತ್ತದೆ.

ಇಷ್ಟೊಂದು ಒತ್ತಿ ಹೇಳುತ್ತಿರುವುದು ಮೈಲೇಜಿಗಾಗಿ ಅಲ್ಲ. ಹತ್ತಿ ಹೇರಿದ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಬಲಕ್ಕೆ ಬಂದ ಕಾರು ಎಳೆಯದೆ ಅಲ್ಲೇ ಉಳಿದರೆ, ಎದುರಿನ ಲಾರಿ ಕಾಯುವುದಿಲ್ಲ. ಗಾಡಿ ಸರಿಯಾಗುವವರೆಗೆ ಟ್ರ್ಯಾಕ್ಟರಿನ ಹಿಂದೆಯೇ ಹೋಗಿ. ಮೇಸ್ತ್ರಿ ಏನೇ ಬದಲಿಸಿದರೂ ಹಳೆಯದನ್ನು ಕೈಗೆ ಕೊಡಲು ಕೇಳಿ.

ನಿಮ್ಮ ಸೀಮೆಯವನೇ ಒಬ್ಬ