ಹವ್ಯಾಸಿ ನುಡಿಚಿತ್ರಕಾರ: ಬಳಸುವ ವಿಧಾನ

ಈ ಸಾಧನವನ್ನು ಕೊಂಡದ್ದಕ್ಕೆ ಧನ್ಯವಾದಗಳು ಎಂದು ಮಿಕ್ಸರ್ ಡಬ್ಬಿಯೊಳಗಿನ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಇಲ್ಲಿ ಯಾರೂ ಏನನ್ನೂ ಕೊಂಡಿಲ್ಲ, ಹಾಗಾಗಿ ಧನ್ಯವಾದದ ಮಾತಿಲ್ಲ. ಆರೋಗ್ಯ, ಕಲೆ, ವಾಣಿಜ್ಯ ಮೂರೂ ಪುಟಗಳಿಗೆ ಬರೆದುಕೊಡುವ ಹವ್ಯಾಸಿ ನುಡಿಚಿತ್ರಕಾರ ನೆರೆಮನೆಯ ಏಣಿ ಇದ್ದ ಹಾಗೆ. ಬೇಕಾದಾಗ ಒಯ್ಯುತ್ತಾರೆ, ಆಮೇಲೆ ಬಚ್ಚಲ ಗೋಡೆಗೆ ಒರಗಿಸಿ ಮರೆಯುತ್ತಾರೆ. (‘ಹವ್ಯಾಸಿ’ ಎಂಬ ಪದವನ್ನು ಈ ಕಸುಬಿಗೆ ಅಂಟಿಸಿದವರಿಗೆ ತಿಂಗಳ ಸಂಬಳ ಬರುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.)

ಸ್ಥಾಪನೆ

ಸಾಧನವನ್ನು ರಾಜೂರಿನಂಥ ಊರಲ್ಲಿ ಇಡಿ. ಬೆಂಗಳೂರಿಗೆ ಫೋನು ಹಚ್ಚಿ ‘ರಾಜೂರಿನಿಂದ’ ಅಂದರೆ ಆ ಕಡೆಯವರು ‘ರಾಯಚೂರಾ?’ ಅನ್ನುತ್ತಾರೆ. ‘ಗಜೇಂದ್ರಗಡ ತಾಲ್ಲೂಕು, ಮೊದಲು ರೋಣದಾಗಿತ್ತು’ ಅನ್ನಿ. ಅದೂ ಹತ್ತದಿದ್ದರೆ ‘ಗದಗ’ ಅನ್ನಿ. ‘ಓ, ಪುಟ್ಟರಾಜ ಗವಾಯಿಗಳ ಊರು!’ ಎಂಬ ಉದ್ಗಾರ ಬಂತೆಂದರೆ ನೀವು ಕಲಾ ಪುಟಕ್ಕೆ ಬಿದ್ದಿರಿ ಎಂದೇ ಅರ್ಥ. ಅಲ್ಲಿಂದ ಮೇಲೇಳುವುದು ಕಷ್ಟ.

ಬರಹದ ತಂತ್ರಾಂಶ ಯೂನಿಕೋಡ್ ಆಗಿರಲಿ. ಹಳೆಯ ನುಡಿ ಅಕ್ಷರದಲ್ಲಿ ಟೈಪಿಸಿ ಕಳಿಸಿದ ಲೇಖನ ಉಪಸಂಪಾದಕರ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು, ಆವರಣ ಎಲ್ಲ ಕಲಸಿದ ಪುಂಡಿಪಲ್ಯೆಯಾಗಿ ತೆರೆದುಕೊಳ್ಳುತ್ತದೆ. ನನ್ನ ಒಂದು ಲೇಖನ ಹೀಗೆ ತೆರೆದುಕೊಂಡಾಗ ಬಂದ ಉತ್ತರ: ‘ಚೆನ್ನಾಗಿದೆ, ಸ್ವಲ್ಪ ಚಿಕ್ಕದು ಮಾಡಿ.’

ವಿದ್ಯುತ್ ಪೂರೈಕೆ ಬೆಟ್ಟದ ಮೇಲಿನ ಗಾಳಿಯಂತ್ರಗಳಿಂದ ನೇರ ಸಿಗುತ್ತದೆ ಎಂದು ಭಾವಿಸಬೇಡಿ. ಅವು ತಿರುಗುವುದು ಅಂಗಳದಿಂದ ಕಾಣುತ್ತದೆ. ಕರೆಂಟು ಹೋಗಿದ್ದಾಗ ಇನ್ನೂ ಚೆನ್ನಾಗಿ ಕಾಣುತ್ತದೆ.

ಚಾಲನೆ

ಮೂರು ಪುಟಕ್ಕೆ ಮೂರು ವಿಷಯ ಹುಡುಕುವವನು ಹೊಸಬ. ಅನುಭವಸ್ಥ ಒಂದೇ ಮನೆ ಹೊಕ್ಕು ಮೂರನ್ನೂ ಹಿಡಿದುಕೊಂಡು ಬರುತ್ತಾನೆ. ಗಜೇಂದ್ರಗಡದಲ್ಲಿ ಒಬ್ಬ ನೇಕಾರರ ಮನೆಗೆ ಹೋಗಿ. ಚಪ್ಪಲಿ ಹೊರಗೆ ಬಿಡಿ, ಚಹಾ ಬೇಡ ಅನ್ನಬೇಡಿ. ಕುಣಿಮಗ್ಗದಲ್ಲಿ ಅವರ ಮೈ ಅರ್ಧವೇ ಕಾಣುತ್ತದೆ. ಸೊಂಟದ ಕೆಳಗಿನದು ನೆಲದೊಳಗಿನ ಕುಣಿಯಲ್ಲಿ ಹಲಗೆ ತುಳಿಯುತ್ತಿರುತ್ತದೆ. ಲಾಳಿ ಎಡಕ್ಕೆ, ಬಲಕ್ಕೆ. ಮೂಲೆಯಲ್ಲಿ ಅವರ ಹೆಂಡತಿ ಕಂಡಿಕೆ ಸುತ್ತುತ್ತಿರುತ್ತಾರೆ. ನೀವು ಪ್ರಶ್ನೆ ಕೇಳುವಾಗ ಲಾಳಿ ನಿಲ್ಲುತ್ತದೆ, ಉತ್ತರ ಮುಗಿದ ಮೇಲೆ ಓಡುತ್ತದೆ. ಉದ್ದನೆಯ ಪ್ರಶ್ನೆ ಕೇಳಬೇಡಿ. ನಿಂತ ಲಾಳಿಗೆ ಕೂಲಿ ಇಲ್ಲ.

ಕಲಾ ಪುಟಕ್ಕೆ: ಪಟ್ಟೇದ ಅಂಚಿನ ಸೀರೆ. ಮೈತುಂಬ ಸಣ್ಣ ಚೌಕಡಿ, ಎದ್ದು ಕಾಣುವ ಅಂಚು, ಸವದತ್ತಿ ಎಲ್ಲಮ್ಮನಿಗೆ ಏರಿಸುತ್ತಿದ್ದ ಹತ್ತಿ ಸೀರೆ. ಎರಡೂ ಮಗ್ಗಲು ಉಡಬಹುದು. ಬಹುಮಟ್ಟಿಗೆ ಮರೆಯಾಗಿ, ಈಚಿನ ವರ್ಷಗಳಲ್ಲಿ ಮತ್ತೆ ಮಗ್ಗ ಏರಿದ್ದು. ಸಂಪಾದಕರಿಗೆ ‘ಪರಂಪರೆ’ ಎಂಬ ಪದ ಕನಿಷ್ಠ ಎರಡು ಸಲ ಬೇಕು, ಹಾಕಿಕೊಡಿ.

ವಾಣಿಜ್ಯ ಪುಟಕ್ಕೆ: ಅದೇ ಸೀರೆ, ನೂಲಿನ ದರದ ಸಮೇತ. ಗದಗ ಜಿಲ್ಲೆಯ ವಾಣಿಜ್ಯ ಲೇಖನ ಕಣಗಿನಹಾಳದಿಂದಲೇ ಶುರುವಾಗಬೇಕೆಂಬ ಅಲಿಖಿತ ನಿಯಮವಿದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರಿ ಸಂಘ ಕಟ್ಟಿದರು, ಏಷ್ಯಾದಲ್ಲೇ ಮೊದಲನೆಯದೆಂದು ಜಿಲ್ಲೆ ಹೆಮ್ಮೆಪಡುತ್ತದೆ. ಈ ವಾಕ್ಯವನ್ನು ನಾನು ಎಷ್ಟು ಸಲ ಮಾರಿದ್ದೇನೆಂದರೆ ಪಾಟೀಲರ ವಂಶಸ್ಥರಿಗೆ ಒಂದು ಪಾಲು ಕೊಡುವುದು ನ್ಯಾಯ.

ಆರೋಗ್ಯ ಪುಟಕ್ಕೆ: ನೇಕಾರರ ಮೊಣಕಾಲು, ಬೆನ್ನು, ಕಣ್ಣು. ಇಡೀ ದಿನ ಒಂದೇ ಭಂಗಿಯಲ್ಲಿ ಕೂತು ಕಾಲಾಡಿಸುವ ಕಸುಬಿನಲ್ಲಿ ಇವು ಮೊದಲು ದಣಿಯುತ್ತವೆ. ಹೊರಡುವಾಗ ಆ ಮನೆಯ ಹುಡುಗ ನಕ್ಕರೆ ಹಲ್ಲು ನೋಡಿ. ಕಂದು ಪಟ್ಟೆ ಕಂಡರೆ ಅದು ಅಡಿಕೆಯದೆಂದು ಬರೆಯಬೇಡಿ. ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಮಿತಿ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಕಲೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬಿಗೂ ಇಳಿಯುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ದಟ್ಟವಾಗುತ್ತದೆ. ಇಡೀ ಕೈಪಿಡಿಯಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರುವ ವಾಕ್ಯ ಇದೊಂದೇ ಇರಬೇಕು. ಲೇಖನದಲ್ಲಿ ಜಾಗ ಸಾಲದೆಂದು ಕತ್ತರಿಸಿದ್ದೂ ಇದನ್ನೇ.

ಎಚ್ಚರಿಕೆ

ಮೂರೂ ಬಲ್ಲವನಂತೆ ಬರೆಯುವಾಗ ಪಾ.ವೆಂ. ಆಚಾರ್ಯರನ್ನು ನೆನೆದು ಉಬ್ಬಬೇಡಿ. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ ‘ಕಸ್ತೂರಿ’ ಮಾಸಪತ್ರಿಕೆಯಲ್ಲಿ ಅವರು ಪದದ ಹುಟ್ಟಿನಿಂದ ವಿಜ್ಞಾನದವರೆಗೆ ಬರೆದರು, ನಗಿಸುವುದಕ್ಕೆ ಲಾಂಗೂಲಾಚಾರ್ಯರಾದರು. ಅವರಿಗೆ ಓದು ಇತ್ತು, ಸಂಪಾದಕರ ಕುರ್ಚಿಯೂ ಇತ್ತು. ನಿಮಗಿರುವುದು ಪ್ಲಾಸ್ಟಿಕ್ ಕುರ್ಚಿ, ಅದೂ ಮದುವೆಯ ಪೆಂಡಾಲಿನವರದು.

ಮಧುಮೇಹ ಒಂದೇ ತಿಂಗಳಲ್ಲಿ ಮಾಯ ಎನ್ನುವ ಚೂರ್ಣದವರು ‘ಲೇಖನದ ಥರಾ ಬರೆದುಕೊಡಿ’ ಎಂದು ಬರುತ್ತಾರೆ. ಸಂಪಾದಕರು ಕೊಡುವ ಸಂಭಾವನೆಯ ಹತ್ತು ಪಟ್ಟು ಅಲ್ಲೇ ಎಣಿಸುತ್ತಾರೆ, ನಗದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ 1954ರಿಂದ ಇದೆ, ವಾಸಿಮಾಡುತ್ತೇವೆಂದು ಜಾಹೀರಾತು ಕೊಡಕೂಡದೆಂದು ಅದು ಹೆಸರಿಸಿದ ರೋಗಗಳಲ್ಲಿ ಮಧುಮೇಹವೂ ಇದೆ ಎಂದು ಹೇಳಿ ಕಳಿಸಿ. ಅವರು ಹೋದ ಮೇಲೆ ಆ ಹತ್ತು ಪಟ್ಟನ್ನು ಮನಸ್ಸಿನಲ್ಲೇ ಗುಣಿಸಬೇಡಿ.

ಯುಗಾದಿಯ ಹಿಂದಿನ ರಾತ್ರಿ ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರನ ಗುಡಿಯಲ್ಲಿ ಸುಣ್ಣ, ಕೆಮ್ಮಣ್ಣಿನ ನೀರು, ಕುಂಚ ಇಡುತ್ತಾರೆ. ಬೆಳಗಾಗೆ ಯಾವ ಬಣ್ಣದ ಗುರುತು ಕಂಡಿತೆಂದು ನೋಡಿ ಯಾವ ಹಂಗಾಮಿನ ಬೆಳೆ ಬಂದೀತೆಂದು ಹೇಳುವುದು ರೂಢಿ. ಇದು ವಾಣಿಜ್ಯ ಪುಟಕ್ಕೋ ಕಲಾ ಪುಟಕ್ಕೋ ಎಂದು ಸಂಪಾದಕರನ್ನು ಕೇಳಿದೆ. ಭಕ್ತಿ ಪುರವಣಿಗೆ ಕಳಿಸಿ, ಅಲ್ಲಿ ಸಂಭಾವನೆ ಇರುವುದಿಲ್ಲ ಅಂದರು.

ವಾರಂಟಿ

ಇಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಯಾರ‍್ಯಾರು ಪತ್ರಕರ್ತರೆಂದು ಪಟ್ಟಿ ಮಾಡುವಾಗ ನುಡಿಚಿತ್ರಕಾರನನ್ನೂ ಸೇರಿಸಿತ್ತು, ನೌಕರಿಯಲ್ಲಿದ್ದರೆ ಮಾತ್ರ ಎಂಬ ಗಂಟು ಹಾಕಿ. ಹಕ್ಕುಸ್ವಾಮ್ಯದ ಲೆಕ್ಕ ಉಲ್ಟಾ: 1957ರ ಕಾಯ್ದೆಯಂತೆ ನೌಕರನಲ್ಲದವನ ಲೇಖನಕ್ಕೆ ಅವನೇ ಮೊದಲ ಒಡೆಯ, ಹಕ್ಕನ್ನು ಬರೆದುಕೊಡುವ ತನಕ. ಅಂದರೆ ನನಗೆ ಆಸ್ತಿ ಇದೆ, ಆದಾಯ ಇಲ್ಲ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಎರಿಹೊಲದವರು ಆಡುವ ಮಾತೇ ಇದು.

ದೋಷ ಮತ್ತು ಪರಿಹಾರ

ನೇಕಾರರು ‘ಇದಕ್ಕ ನಿಮಗೆಷ್ಟ ಕೊಡತಾರ್ರಿ?’ ಎಂದು ಕೇಳಿದರೆ ನಿಜ ಹೇಳಿ. ನಾನು ಹೇಳಿದೆ. ಅವರು ಲಾಳಿ ನಿಲ್ಲಿಸಿ, ಹೆಂಡತಿಯ ಕಡೆ ತಿರುಗಿ, ‘ಇನ್ನೊಂದ ಕಪ್ ಚಾ ಮಾಡ ಇವರಿಗೆ’ ಅಂದರು.

ಮೂರೂ ಲೇಖನ ಅಚ್ಚಾದವು. ಪತ್ರಿಕೆಗಳನ್ನು ಹಿಡಿದು ಗಜೇಂದ್ರಗಡದ ಬಸ್ಸು ಹತ್ತಿದೆ. ಕಲಾ ಪುಟದಲ್ಲಿ ಸೀರೆ ದೊಡ್ಡದಾಗಿ ಬಂದಿತ್ತು, ಪಕ್ಕದಲ್ಲಿ ಅವರ ಎರಡು ಕೈ. ವಾಣಿಜ್ಯ ಪುಟದಲ್ಲಿ ಏರುವ ಬಾಣದ ಗುರುತಿನ ಗ್ರಾಫು. ಅದು ಏನು ಏರಿದ್ದು ಎಂದು ಅವರು ಕೇಳಿದರು, ನೂಲಿನ ದರ ಅಂದೆ. ಆರೋಗ್ಯ ಪುಟದಲ್ಲಿ ಬೂಟು ಹಾಕಿ ಹುಲ್ಲುಹಾಸಿನ ಮೇಲೆ ಓಡುತ್ತಿದ್ದ ಬಿಳಿಯನೊಬ್ಬ ಮೊಣಕಾಲು ಹಿಡಿದುಕೊಂಡು ಕೂತಿದ್ದ. ಅವರ ಹೆಂಡತಿ ಮೂರನ್ನೂ ತಿರುವಿ ನೋಡಿ, ‘ಇವರ ಕಾಲ ಎಲ್ಯೂ ಬಂದಿಲ್ಲಲ್ರಿ’ ಅಂದರು.

ಸಂಭಾವನೆ ಎರಡರದು ಖಾತೆಗೆ ಬಿದ್ದಿದೆ. ಮೊಣಕಾಲಿನದು ಬಾಕಿ.