ಕಲ್ಲೆಂಬ ಸವತಿ

ಶಾಸನ ಓದುವವರನ್ನು ಕಟ್ಟಿಕೊಳ್ಳುವ ಹುಡುಗಿಗೆ ತವರಿನವರು ಬಳುವಳಿ ಕೊಡುವುದಾದರೆ ಒಂದು ಗಟ್ಟಿ ಬ್ರಷ್ಷು, ಒಂದು ಬಿಂದಿಗೆ, ಒಂದು ಕೊಡೆ ಸಾಕು. ಚಿನ್ನ ದಂಡ. ಹಾಕಿಕೊಂಡರೂ ನೋಡುವವರಿಲ್ಲ.

ನಮ್ಮ ಯಜಮಾನರ ವಿದ್ವತ್ತಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಹೊಯ್ಸಳರ ಕಾಲದ ಗಾಣದೆರೆಯ ಲೆಕ್ಕವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ನಮ್ಮ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಬೇಕು ಅನ್ನುವುದು ಮಾತ್ರ ಎಚ್ಚರವಿದ್ದಾಗಲೂ ತಿಳಿಯದು. ಮಗಳ ಮದುವೆ ಮಾತುಕತೆಗೆ ಬೀಗರು ಬಂದು ಖರ್ಚಿನ ವಿಷಯ ತೆಗೆದರೆ, ವಿಜಯನಗರದ ಕಾಲದಲ್ಲಿ ಮದುವೆಗೂ ಸುಂಕವಿತ್ತು, ಆಮೇಲೆ ಮನ್ನಾ ಮಾಡಿದರು ಅಂತ ಶುರು ಮಾಡಿದರು. ಬೀಗರು ಕಾಫಿ ಆರುವವರೆಗೂ ಕೇಳಿದರು, ಪಾಪ. ಒಳ್ಳೆಯ ಜನ.

ಇವರ ಜೊತೆ ನೆಂಟರ ಮನೆ ಮುಹೂರ್ತಕ್ಕೆ ಹೊರಟರೆ ಊಟದ ಹೊತ್ತಿಗೆ ತಲುಪಿದರೆ ಪುಣ್ಯ. ಕಾರಿನ ಕಿಟಕಿಯಲ್ಲಿ ಒಂದು ಕಲ್ಲಿನ ತುದಿ ಕಂಡಿತೋ, "ನಿಲ್ಸು, ನಿಲ್ಸು!" ಆಮೇಲೆ ರಾಗಿ ಹೊಲದ ನಡುವೆ, ರೇಷ್ಮೆ ಸೀರೆಯಲ್ಲಿ, ಕೊಡೆ ಹಿಡಿದು ನಾನು. ಮುಳ್ಳು ಸರಿಸಿದರೆ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಹೊಡೆದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆ ಹಾಯಾಗಿ ಕೂತಿರುವುದು. "ಅಲ್ಲಾ ರೀ, ಇವನ ಹೆಂಡತಿ ಎಲ್ಲಿ?" ಅಂದೆ. "ಅವಳಿಗೆ ಬೇರೆ ಕಲ್ಲಿರತ್ತೆ ಕಣೇ, ಸತಿ ಹೋದರೆ ಮಾಸ್ತಿಕಲ್ಲು" ಅಂದರು. ಮತ್ತೆ ನಾನು ಉಸಿರೆತ್ತಲಿಲ್ಲ.

ಸವೆದ ಅಕ್ಷರ ನೆತ್ತಿಯ ಬಿಸಿಲಲ್ಲಿ ಕಾಣುವುದಿಲ್ಲ, ಓರೆ ಬೆಳಕು ಬೀಳಬೇಕು. ಅದಕ್ಕೇ ನನ್ನ ಕೈಗನ್ನಡಿ ಸದಾ ಇವರ ಚೀಲದಲ್ಲಿ. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಅದು ಅಕ್ಷರದ ಗುಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಏಳುತ್ತದೆ. ಇವರಿಗೆ ಅದು ಪಡಿಯಚ್ಚು. ನನಗೆ ಸೀರೆಯ ಸೆರಗಿನ ಗತಿ.

ಕಥೆ ಹೇಳುವಾಗ ಮಾತ್ರ, ಒಪ್ಪಲೇಬೇಕು, ಒಲೆ ಆರಿಸಿ ಕೂತು ಕೇಳುವ ಹಾಗೆ ಹೇಳುತ್ತಾರೆ. ಮದ್ದೂರಿನ ಹತ್ತಿರದ ಆತಕೂರಿನ ಕಲ್ಲು, ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಅಂದರೆ, ಆ ಪುಣ್ಯಾತ್ಮ ಕಾಳಿ ಅನ್ನುವ ನಾಯಿ ಕೇಳಿದ. ನಾಯಿ ಹಂದಿಯ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆಗೆ ಗೊರವನನ್ನೂ ಗೊತ್ತು ಮಾಡಿದರು. ಪೂಜೆ ಮಾಡದೆ ಅವನು ಉಂಡರೆ ನಾಯಿ ಮಾಡಿದ ಪಾಪ ಅವನಿಗಂತೆ. ಈ ಮಾತು ಬಂದದ್ದು ಊಟದ ಹೊತ್ತಿನಲ್ಲಿ. "ಸಾರು ಹೇಗಿದೆ ಅಂತ ಒಂದು ಮಾತು ಹೇಳದೆ ಉಂಡೇಳೋರಿಗೆ ಏನು ಪಾಪ ಅಂತ ಬರೆದಿದೆ ಅಲ್ಲಿ?" ಅಂದೆ. ತುತ್ತು ಹಾಗೇ ಹಿಡಿದು ಯೋಚಿಸಿದರು. "ಇಲ್ವಲ್ಲ, ಕಡೇ ಸಾಲಿನವರೆಗೂ ಓದಿದೀನಿ."

ಜಗಳ ಬೇರೆ. ಯಾವುದೋ ಶಾಸನದಲ್ಲಿರುವುದು 'ಮ'ವೋ 'ವ'ವೋ ಎಂದು ಇನ್ನೊಬ್ಬ ವಿದ್ವಾಂಸರ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಯಿತು. ಸಭೆಗಳಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಾರೆ. ನಾನೂ ಅವರ ಮನೆಯಾಕೆಯೂ ಈ ನಡುವೆ ಸಾರಿನ ಪುಡಿ, ಹಪ್ಪಳ, ಮಕ್ಕಳ ಜಾತಕ ಎಲ್ಲ ಬದಲಾಯಿಸಿಕೊಂಡಿದ್ದೇವೆ. 'ಮ'ವೂ ಅಲ್ಲ 'ವ'ವೂ ಅಲ್ಲ, ಅದು ಕಲ್ಲಿನ ಚಕ್ಕೆ ಎದ್ದಿರುವುದು ಅಂತ ನಮ್ಮಿಬ್ಬರ ಅಭಿಪ್ರಾಯ. ಯಾರೂ ಕೇಳಿಲ್ಲ, ನಾವೂ ಹೇಳಿಲ್ಲ.

ಬ್ರಹ್ಮಸೂತ್ರದ ಶಾಂಕರಭಾಷ್ಯಕ್ಕೆ ಟೀಕೆ ಬರೆಯುತ್ತಾ ವಾಚಸ್ಪತಿ ಮಿಶ್ರ ಹೆಂಡತಿ ಇರುವುದನ್ನೇ ಮರೆತನಂತೆ. ಕೊನೆಗೆ ದೀಪದ ಬತ್ತಿ ಸರಿಮಾಡುತ್ತಿದ್ದವಳನ್ನು ಯಾರು ನೀನು ಅಂತ ಕೇಳಿ, ನಾಚಿ, ಟೀಕೆಗೆ ಅವಳ ಹೆಸರನ್ನೇ ಇಟ್ಟ: 'ಭಾಮತಿ'. ಇದನ್ನು ಇವರಿಗೆ ಕೇಳಿಸುವ ಹಾಗೆ ಅನೇಕ ಸಲ ಹೇಳಿದ್ದೇನೆ. ಮೊನ್ನೆ ಪುಸ್ತಕ ಬಂತು. ಮುನ್ನುಡಿಯಲ್ಲಿ, ಕಲ್ಲಿನ ಮೇಲಿದ್ದ ಹುಲ್ಲಿನ ಬಣವೆ ಸರಿಸಿಕೊಟ್ಟ ರೈತರಿಗೂ ವಂದನೆಯಿದೆ. ನಾನು ಅಚ್ಚುಕೂಟದವರ ಹಿಂದೆ, 'ಹಾಗೂ ಮನೆಯವರು' ಅನ್ನುವುದರೊಳಗೆ ಎಲ್ಲೋ ಇದ್ದೇನೆ.

ಇರಲಿ. ನನ್ನ ತವರಿನ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಅದರ ತಳದಲ್ಲಿ ಎರಡೂವರೆ ಸಾಲು ಅಕ್ಷರವಿದೆ, ಇವರ ಸಹವಾಸದಿಂದ ನನಗೂ ಒಂದಿಷ್ಟು ಓದಲು ಬರುತ್ತದೆ. ದಾನಶಾಸನವೇ ಸರಿ. ಇವರಿಗೆ ತಿಳಿದರೆ ನಮ್ಮ ಅತ್ತಿಗೆ ಬಟ್ಟೆ ಒಗೆಯುವುದೆಲ್ಲಿ? ಹಬ್ಬಕ್ಕೆ ಹೊರಡುವ ಮುಂಚೆ ಫೋನು ಮಾಡಿ ಹೇಳಿಬಿಡುತ್ತೇನೆ: "ಅತ್ತಿಗೆ, ನಮ್ಮನೆಯವರು ಬರ್ತಿದ್ದಾರೆ. ಆ ಕಲ್ಲಿನ ಮೇಲೆ ನೆನೆಸಿದ ಬಟ್ಟೆ ರಾಶಿ ಹಾಕಿಡಿ."