ಡಬ್ಬಕ್ಕೊಂದು ನಾಮಕರಣ

ಭಾನುವಾರ ಬೆಳಗ್ಗೆ ಇಡ್ಲಿ ಇಳಿಸುವ ಹೊತ್ತಿಗೆ ಸರಿಯಾಗಿ ನನ್ನ ಭಾಮೈದ ಬಂದ. ಅವನು ಹಾಗೆ ಬಂದನೆಂದರೆ ಸಾಲ ಕೇಳುವುದಕ್ಕೆ, ಇಲ್ಲವೇ ಸಲಹೆ ಕೇಳುವುದಕ್ಕೆ. ಸಾಲವಾದರೆ ಸಂಕೋಚಪಟ್ಟು ಎರಡು ಇಡ್ಲಿ ತಿನ್ನುತ್ತಾನೆ, ಸಲಹೆಯಾದರೆ ಆರು. ಅವತ್ತು ಆರನೆಯದನ್ನು ಚಟ್ನಿಯ ಸಮೇತ ಮುಗಿಸಿ, "ಭಾವ, ಒಂದು ಒಳ್ಳೆ ಹೆಸರು ಹೇಳಿ" ಅಂದ. ನನ್ನ ಜೇಬು ಉಳಿಯಿತು.

"ಯಾರಿಗೋ ಮಗು?" ಅಡುಗೆಮನೆಯಿಂದಲೇ ಅವನ ಅಕ್ಕ ಕೇಳಿದಳು.

"ಮಗು ಅಲ್ಲಕ್ಕ, ಕಂಪ್ಯೂಟರು."

ಅವನದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮಹಡಿ ಮೆಟ್ಟಿಲ ಕೆಳಗಿನ ಅಂಗಡಿ. ಇಬ್ಬರು ಗಿರಾಕಿಗಳು ಒಳಗೆ ನಿಂತರೆ ಮೂರನೆಯವನು ಬೀದಿಯಲ್ಲೇ ನಿಂತು ಚೌಕಾಸಿ ಮಾಡಬೇಕು. ಕ್ಯಾಬಿನೆಟ್ಟು, ಮದರ್‌ಬೋರ್ಡು, ಎಸ್‌ಎಂಪಿಎಸ್ಸು ಎಲ್ಲ ತರಿಸಿ ತಾನೇ ಜೋಡಿಸಿ ಮಾರುತ್ತಾನೆ. ಅವನು ಪ್ರೊಸೆಸರಿನ ಮೇಲೆ ಪೇಸ್ಟ್ ಹಚ್ಚುವುದನ್ನು ನೋಡಬೇಕು. ಕಡಲೆಕಾಳಿನಷ್ಟು ಪೇಸ್ಟನ್ನು ಹಿಂಡಿ, ಹಳೆಯ ವಿಸಿಟಿಂಗ್ ಕಾರ್ಡಿನ ಅಂಚಿನಿಂದ, ವೀಳ್ಯದೆಲೆಗೆ ಸುಣ್ಣ ಸವರಿದ ಹಾಗೆ ತೆಳ್ಳಗೆ ಸವರಿ, ಮೇಲೆ ಫ್ಯಾನು ಕೂರಿಸುತ್ತಾನೆ. ಎಲೆಗೆ ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತದೆ, ಇಲ್ಲಿ ಕಡಿಮೆಯಾದರೆ ಪ್ರೊಸೆಸರು. ಇಷ್ಟು ಕಲೆಯಿದ್ದೂ ಅವನ ಡಬ್ಬಗಳಿಗೆ ಹೆಸರಿಲ್ಲ. ಈಗ ಮಕ್ಕಳ ಓದಿಗೊಂದು, ಆಫೀಸಿಗೊಂದು, ಆಟಕ್ಕೊಂದು ಎಂದು ಮೂರು ಮಾದರಿ ಮಾಡಿದ್ದಾನೆ. ಸ್ಟಿಕ್ಕರ್ ಮುದ್ರಿಸುವವನು ಬುಧವಾರದೊಳಗೆ ಹೆಸರು ಕೊಡಿ ಅಂದಿದ್ದಾನಂತೆ.

"ಮನೆದೇವರ ಹೆಸರಿಡು, ರಂಗನಾಥ ಅಂತ" ಅಂದಳು ನನ್ನ ಹೆಂಡತಿ.

"ಬೇಡಕ್ಕ, ಯಾವಾಗಲೂ ಮಲಗೇ ಇರುತ್ತೆ."

ನಾನು ಕನ್ನಡ ಓದಿದವನೆಂಬ ಹಮ್ಮಿನಲ್ಲಿ, "ಮೂರು ಮಾದರಿ ಅಂದೆಯಲ್ಲ, ಪಂಪ, ಪೊನ್ನ, ರನ್ನ. ರತ್ನತ್ರಯರು" ಎಂದೆ. ಅವನು ಯೋಚಿಸುವ ಹಾಗೆ ಕಂಡಿತು. ಆಮೇಲೆ ಮೆಲ್ಲಗೆ, "ಭಾವ, ನಮ್ಮ ಬೀದಿಯ ಸುತ್ತಮುತ್ತ ಮೋಟಾರಿನ ಅಂಗಡಿಗಳೇ ಜಾಸ್ತಿ. ಪಂಪ ಕೆಟ್ಟಿದೆ ಅಂತ ಯಾರಾದರೂ ಫೋನ್ ಮಾಡಿದರೆ ನನ್ನ ಹುಡುಗ ಬೋರ್‌ವೆಲ್ ರಿಪೇರಿಯವನನ್ನು ಕಳಿಸುತ್ತಾನೆ" ಎಂದ. ಆದಿಕವಿಗೆ ಈ ಗತಿ ಬಂತಲ್ಲ ಎಂದು ಸುಮ್ಮನಾದೆ.

ಹೆಸರಿನ ವಿಷಯದಲ್ಲಿ ನಮ್ಮ ಅಜ್ಜಿಯದು ಒಂದೇ ಪರೀಕ್ಷೆ. ಹಿತ್ತಲಲ್ಲಿ ನಿಂತು ಕೂಗಿದರೆ ಕೆರೆ ಏರಿಯ ಮೇಲಿರುವ ಮಗುವಿಗೆ ಕೇಳಿಸಬೇಕು. ನನ್ನ ತಮ್ಮನಿಗೆ ಎಂಟು ಅಕ್ಷರದ ದೇವರ ಹೆಸರಿಟ್ಟಾಗ, "ಪೂರ್ತಿ ಕೂಗೋ ಹೊತ್ತಿಗೆ ಕೆರೆಗೆ ಬಿದ್ದಿರ್ತಾನೆ" ಅಂದಿದ್ದಳು. ಅವನು ಇವತ್ತಿಗೂ ಪುಟ್ಟ.

ಪುಟ್ಟ ಎಂದಾಗ ನೆನಪಾಯಿತು. ಈ ದೇಶದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ದೊಡ್ಡ ಕಂಪ್ಯೂಟರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಶುರುಮಾಡಿತು. ಅದಕ್ಕೆ ನಾಮಕರಣವಾದದ್ದು 1962ರ ಜನವರಿಯಲ್ಲಿ, ಮಾಡಿದವರು ಪ್ರಧಾನಿ ನೆಹರೂ. ಎರಡು ವರ್ಷ ಅದನ್ನು ಏನೆಂದು ಕರೆಯುತ್ತಿದ್ದರೋ, ನಮ್ಮ ಮನೆಯಲ್ಲಾಗಿದ್ದರೆ ಪುಟ್ಟ ಎಂದೇ ಖಾಯಂ ಆಗಿರುತ್ತಿತ್ತು. ಕೊನೆಗೆ ಇಟ್ಟದ್ದು ಟಿಫ್ರ್ಯಾಕ್. ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಗೆ ಸ್ವಯಂಚಾಲಿತ ಲೆಕ್ಕಯಂತ್ರ ಎಂಬುದರ ಮೊದಲಕ್ಷರಗಳನ್ನು ಪೋಣಿಸಿದರೆ ಬರುವ ಹೆಸರು. ಹಿತ್ತಲಿಂದ ಕೂಗಿದರೆ ಕೆರೆ ಏರಿಯವರೆಗೆ ಹೋಗುವುದಿರಲಿ, ಬಚ್ಚಲು ಮನೆಯನ್ನೂ ದಾಟುವುದಿಲ್ಲ.

ಆಗೆಲ್ಲ ಹಾಗೇ. ಎನಿಯಾಕ್, ಎಡ್ವ್ಯಾಕ್, ಯೂನಿವ್ಯಾಕ್, ಇಲಿಯಾಕ್ ಎಂದು ಒಂದೇ ಮನೆಯ ಮಕ್ಕಳಿಗೆ ಪ್ರಾಸ ಹಾಕಿ ಇಟ್ಟಂಥ ಹೆಸರುಗಳು. ಈ ಪ್ರಾಸದ ಚಟ ಬಿಡಿಸಬೇಕೆಂದೇ ಅಮೆರಿಕದ ಲಾಸ್ ಅಲಾಮೋಸಿನ ವಿಜ್ಞಾನಿ ನಿಕೊಲಸ್ ಮೆಟ್ರೊಪೊಲಿಸ್ ತಮ್ಮ ಯಂತ್ರಕ್ಕೆ ಮೇನಿಯಾಕ್ ಎಂದಿಟ್ಟರು. ಅಂದರೆ ಹುಚ್ಚ. ಇದನ್ನು ಕೇಳಿಯಾದರೂ ಜನ ನಾಚಿಕೊಂಡು ನಿಲ್ಲಿಸಲಿ ಎಂಬುದು ಅವರ ಎಣಿಕೆ. ಯಾರೂ ನಾಚಿಕೊಳ್ಳಲಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯವರು ಸಿಲಿಯಾಕ್ ಎಂದು ಇನ್ನೊಂದನ್ನು ಹಡೆದರು.

ಆಮೇಲೆ ಯಂತ್ರಗಳು ಮೇಜಿನ ಮೇಲೆ ಬಂದವು, ಹೆಸರಿಡುವವರ ಲೆಕ್ಕಾಚಾರವೂ ಬದಲಾಯಿತು. ಆ್ಯಪಲ್ ಎಂದು ಇಟ್ಟದ್ದಕ್ಕೆ ಸ್ಟೀವ್ ಜಾಬ್ಸ್ ಹೇಳಿಕೊಂಡ ಕಾರಣಗಳಲ್ಲಿ ಒಂದು, ಫೋನ್ ಡೈರೆಕ್ಟರಿಯಲ್ಲಿ ಅದು ಅಟಾರಿಗಿಂತ ಮುಂಚೆ ಬರುತ್ತದೆ ಎಂಬುದು. ಅದನ್ನೂ ಹಿಂದೆ ಹಾಕುವ ಹಾಗೆ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಒಂದು ಕಂಪನಿ ಏಕಾರ್ನ್ ಎಂದು ಹೆಸರಿಟ್ಟುಕೊಂಡಿತು. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಶಾಲೆಯ ಹಾಜರಿಯಲ್ಲಿ ನನ್ನದು ಕೊನೆಯ ಹೆಸರು. ಲಸಿಕೆ ಹಾಕುವಾಗ ಮಾತ್ರ ಮೇಷ್ಟ್ರು ಪಟ್ಟಿಯನ್ನು ಕೆಳಗಿನಿಂದ ಓದುತ್ತಿದ್ದರು.

ದೊಡ್ಡವರ ಹೆಸರಿಡುವುದರಲ್ಲಿ ಬೇರೆ ಅಪಾಯವಿದೆ. 1994ರಲ್ಲಿ ಬಂದ ಪವರ್ ಮ್ಯಾಕಿಂತೋಷ್ 7100 ಎಂಬ ಯಂತ್ರಕ್ಕೆ ಆ್ಯಪಲ್‌ನ ಎಂಜಿನಿಯರುಗಳು ಒಳಗೊಳಗೇ ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಅವರ ಹೆಸರಿಟ್ಟು ಕರೆಯುತ್ತಿದ್ದರು. ಜೊತೆಯ ಇನ್ನೆರಡು ಯಂತ್ರಗಳಿಗೆ ಇಟ್ಟದ್ದು ಪಿಲ್ಟ್‌ಡೌನ್ ಮಾನವ ಮತ್ತು ಶೀತಲ ಸಮ್ಮಿಲನ. ಮೊದಲನೆಯದು ವಿಜ್ಞಾನದ ಚರಿತ್ರೆಯಲ್ಲೇ ಹೆಸರಾಂತ ಮೋಸ, ಎರಡನೆಯದು ಯಾರೂ ನಂಬದೆ ಬಿಟ್ಟ ವಾದ. ವಿಷಯ ಪತ್ರಿಕೆಗೆ ಬಂತು, ಸಾಗನ್ ಆಕ್ಷೇಪಿಸಿದರು. ಎಂಜಿನಿಯರುಗಳು ಹೆಸರನ್ನು ಬಿ.ಎಚ್.ಎ. ಎಂದು ಬದಲಾಯಿಸಿದರು. ಬಿಡಿಸಿದರೆ 'ಪೆದ್ದು ಖಗೋಳಜ್ಞ' ಎಂದಾಗುತ್ತದೆ. ಸಾಗನ್ ಕೋರ್ಟಿಗೆ ಹೋದರು, ಸೋತರು. ಕಡೆಗೆ ಯಂತ್ರದ ಹೆಸರು ವಕೀಲರನ್ನು ಪುಕ್ಕಲರೆಂದು ಛೇಡಿಸುವ ಇನ್ನೊಂದು ಸಂಕ್ಷಿಪ್ತವಾಯಿತು. ಪಂಪ ಕೋರ್ಟಿಗೆ ಹೋಗುವವನಲ್ಲ ನಿಜ, ಆದರೆ ಕನ್ನಡ ಮೇಷ್ಟ್ರುಗಳಿದ್ದೇವಲ್ಲ.

"ನಮ್ಮ ಸರ್ಕಾರದವರು ಏನಿಡುತ್ತಾರೆ ಭಾವ?" ಎಂದ ಭಾಮೈದ. ಸರ್ಕಾರದ್ದು ಎರಡು ವಂಶ. ಒಂದು ಪುಣೆಯ ಸಿ-ಡ್ಯಾಕ್‌ನವರ ಪರಮ್. 1991ರಲ್ಲಿ ಪರಮ್ 8000ದಿಂದ ಶುರುವಾಗಿ ಪರಮ್ ಪದ್ಮ, ಪರಮ್ ಯುವ, ಪರಮ್ ಶಿವಾಯ್ ಎಂದು ಬೆಳೆದು, 2022ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಪರಮ್ ಪ್ರವೇಗವೂ ಬಂತು. ಪರಮ ಎಂದರೆ ಎಲ್ಲಕ್ಕಿಂತ ಮೇಲು ಎಂದೂ ಆಯಿತು, ಇಂಗ್ಲಿಷಿನಲ್ಲಿ ಸಮಾಂತರ ಯಂತ್ರ ಎಂಬುದರ ಸಂಕ್ಷೇಪವೂ ಆಯಿತು. ಅಜ್ಜಿ ಒಪ್ಪುವಂಥದ್ದು. ಪರಮಾ ಎಂದು ಕೂಗಿದರೆ ಕೆರೆ ದಾಟಿ ಗುಡ್ಡಕ್ಕೆ ಹೊಡೆದು ವಾಪಸು ಬರುತ್ತದೆ.

ಇನ್ನೊಂದು ಹವಾಮಾನದ ವಂಶ. ಮಳೆ ಯಾವಾಗ ಬರುತ್ತದೆಂದು ಲೆಕ್ಕ ಹಾಕುವ ಈ ಯಂತ್ರಗಳು ಪುಣೆಯಲ್ಲೂ ನೋಯ್ಡಾದಲ್ಲೂ ಇವೆ. ಮೊದಲು ಆದಿತ್ಯ, ಭಾಸ್ಕರ ಎಂದಿದ್ದವು. 2018ರಲ್ಲಿ ಪ್ರತ್ಯೂಷ, ಮಿಹಿರ ಬಂದವು. 2024ರ ಸೆಪ್ಟೆಂಬರಿನಲ್ಲಿ 850 ಕೋಟಿ ರೂಪಾಯಿಯ ಅರ್ಕ, ಅರುಣಿಕ. ಆರಕ್ಕೆ ಆರೂ ಸೂರ್ಯನ ಕಡೆಯವೇ! ಮಳೆಯ ಸುದ್ದಿ ಹೇಳುವ ಯಂತ್ರಕ್ಕೆ ವರುಣನಿಲ್ಲ, ಇಂದ್ರನಿಲ್ಲ, ಪರ್ಜನ್ಯನಿಲ್ಲ. ದರ್ಜಿಯ ಅಂಗಡಿಗೆ ಕಮ್ಮಾರಶಾಲೆ ಎಂದು ಬೋರ್ಡು ಹಾಕಿದ ಹಾಗೆ. ನಾನು ಬಿದ್ದು ಬಿದ್ದು ನಕ್ಕೆ.

ನಗದೆ ಇದ್ದವರು ಮೂಲೆಯಲ್ಲಿ ಪಂಚಾಂಗ ಹಿಡಿದು ಕೂತಿದ್ದ ನಮ್ಮ ಮಾವನವರು. "ಆರಿದ್ರ ಮಳೆ ಅಂದರೆ ಏನಪ್ಪಾ?" ಎಂದರು. ಜೂನ್ ಕೊನೆಯ ಮಳೆ ಎಂದೆ. "ಅದು ಕಾಲ. ಆರಿದ್ರ ಅಂತ ಯಾಕೆ ಅಂತಾರೆ?" ನಾನು ಚಟ್ನಿ ಬಟ್ಟಲು ನೋಡಿದೆ. ಅವರೇ ಹೇಳಿದರು. ಜೂನ್ 21–22ರ ಸುಮಾರಿಗೆ ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಹೋಗುತ್ತಾನೆ. ಹದಿಮೂರು ಹದಿನಾಲ್ಕು ದಿನ ಅಲ್ಲಿ ಬಿಡಾರ. ಆ ದಿನಗಳಲ್ಲಿ ಬಿದ್ದದ್ದೆಲ್ಲ ಆರಿದ್ರ ಮಳೆ. ಅಲ್ಲಿಂದ ಹೊರಟರೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ರೈತ ಮಳೆಗೆ ಇಟ್ಟ ಹೆಸರುಗಳೆಲ್ಲ ಸೂರ್ಯ ಇಳಿದುಕೊಂಡ ಮನೆಗಳ ವಿಳಾಸ. ಮಳೆ ಎಲ್ಲಿ ಎಂದು ಕೇಳುವುದಕ್ಕೆ ಸೂರ್ಯ ಎಲ್ಲಿ ಎಂದು ನೋಡುತ್ತಿದ್ದರು. "ಹೆಸರಿಟ್ಟವರು ತಿಳಿದೇ ಇಟ್ಟಿದ್ದಾರೋ ಇಲ್ಲವೋ, ಸರಿಯಾಗಂತೂ ಇಟ್ಟಿದ್ದಾರೆ" ಎಂದು ಮತ್ತೆ ಪಂಚಾಂಗದೊಳಗೆ ಹೋದರು. ಬೀಗರ ಮನೆಯ ಊಟಕ್ಕೂ ಹೊಗಳಿಕೆ ಹೇಳದ ಮನುಷ್ಯ, ಒಂದು ಸರ್ಕಾರಿ ಡಬ್ಬಕ್ಕೆ ಸರ್ಟಿಫಿಕೇಟು ಕೊಟ್ಟದ್ದು ಅದೇ ಮೊದಲು.

ನನಗೆ ತಟ್ಟನೆ ಹೊಳೆಯಿತು. "ಸ್ವಾತಿ! ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದಂತೆ. ಎರಡೇ ಅಕ್ಷರ, ಕೂಗುವುದಕ್ಕೂ ಚೆನ್ನ."

ಭಾಮೈದನ ಮುಖ ಇಡ್ಲಿಯಷ್ಟು ಬೆಳ್ಳಗಾಯಿತು. ಅವನ ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು. ಅವನು ಮದುವೆಗೆ ಮುಂಚೆ ನೋಡಿಕೊಂಡು ಬಂದು, ಜಾತಕ ಕೂಡದೆ ಬಿಟ್ಟ ಹುಡುಗಿಯ ಹೆಸರು ಅದೇ ಅಂತೆ. ಈಗಿನ ಹೆಂಡತಿಗೆ ಅದು ಚೆನ್ನಾಗಿ ಗೊತ್ತು. "ಇನ್ನೇನಾದರೂ ಅರ್ಥ ಹೇಳಿದರಾಯಿತು" ಎಂದೆ. ಉದಾಹರಣೆಗೂ ಒಬ್ಬರಿದ್ದರು. 1983ರಲ್ಲಿ ಆ್ಯಪಲ್ ಕಂಪನಿ ಲೀಸಾ ಎಂಬ ಕಂಪ್ಯೂಟರ್ ತಂದಾಗ, ಅದು ಯಾವುದೋ ತಾಂತ್ರಿಕ ಪದಪುಂಜದ ಸಂಕ್ಷೇಪ ಎಂದು ಸಾರಿತ್ತು. ಅದು ತನ್ನ ಮಗಳ ಹೆಸರೇ ಎಂದು ಜಾಬ್ಸ್ ಒಪ್ಪಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. "ಅವರ ಮನೆಗೆ ನಮ್ಮಕ್ಕನಂಥವರು ಹೋಗಿ ಬರುತ್ತಿರಲಿಲ್ಲ ಭಾವ" ಎಂದು ಅವನು ಚಪ್ಪಲಿ ಮೆಟ್ಟಿದ.

ಬುಧವಾರ ಕಳೆದು ಎಷ್ಟೋ ಬುಧವಾರಗಳಾದವು. ಮೊನ್ನೆ ಅಂಗಡಿಗೆ ಹೋಗಿದ್ದೆ. ಸಾದರ ಪತ್ರಪ್ಪನವರ ಹೆಸರನ್ನೇ ಎಸ್.ಪಿ. ಎಂದು ಎರಡಕ್ಷರಕ್ಕೆ ಇಳಿಸಿದ ಬೀದಿ ಅದು, ಅಲ್ಲಿ ಯಾರಿಗೂ ಅವಸರ ಕಾಣಲಿಲ್ಲ. ಬಂದ ಗಿರಾಕಿ "ಒಂದು ಸಿಸ್ಟಮ್ ಕೊಡಿ" ಅಂದ, ಹುಡುಗ ಬಿಲ್ಲಿನಲ್ಲಿ "ಸಿಸ್ಟಮ್ – 1" ಎಂದು ಬರೆದ. ಸ್ಟಿಕ್ಕರಿಗೆಂದು ಬಿಟ್ಟ ಜಾಗ ಡಬ್ಬದ ಹಣೆಯಲ್ಲಿ ಹಾಗೇ ಖಾಲಿಯಿದೆ. ನಿಮಗೆ ಯಾವುದಾದರೂ ಹೆಸರು ಹೊಳೆದರೆ ದಯವಿಟ್ಟು ತಿಳಿಸಿ. ಎರಡು ಮೂರು ಅಕ್ಷರ ಸಾಕು, ಕೂಗಿದರೆ ಕೇಳಿಸಬೇಕು. ಸೂರ್ಯನ ಹೆಸರುಗಳು ಸರ್ಕಾರದವರಿಗೆ ಬೇಕು. ಸ್ವಾತಿ ಮಾತ್ರ ಬೇಡ.